ಗುಡಿ ಬದಿಯ ನುಣುಪು ಪಾವಟಿಗೆ

ನೀಲಕ್ಕ, ನಿಮ್ಮ ಬಲಗೈ ಮುರಿದದ್ದು ಹುಸೇನಸಾಬ ಗೌಂಡಿಯ ಅರೆಕೆಲಸದಿಂದಲ್ಲ. ನನ್ನಿಂದ. ಕೆರೆಗೆ ಇಳಿದು ಹತ್ತುವ ಪಾವಟಿಗೆಗಳನ್ನು ಒಂದು ಬದಿ ಒರಟಾಗಿ ಮಾಡು, ಇನ್ನೊಂದು ಬದಿ ನುಣುಪಾಗಿಯೇ ಬಿಡು ಎಂದು ಹೇಳಿದವನು ನಾನು. ಬೇಕೆಂದೇ ಹೇಳಿದೆ. ಆಮೇಲೆ ಊರ ಮುಂದೆ ಅದನ್ನು ಮುಚ್ಚಿಟ್ಟೆ. ಮೂವತ್ತು ವರ್ಷ ದಾಟಿತು — ನಿಮ್ಮ ಓಣಿಯಲ್ಲಿ ಇಂದಿಗೂ ಆ ಗೌಂಡಿಯ ಹೆಸರೆತ್ತಿ ಬೈಯುತ್ತಾರಂತೆ. ಆ ಬೈಗುಳವೆಲ್ಲ ನನಗೆ ಸಲ್ಲಬೇಕಾದದ್ದು.

ನಾನು ಯಾರೆಂದು ನೆನಪಾಯಿತೇ? ಸೈಕಲ್ಲಿಗೆ ಟೇಪು, ಕ್ಯಾನ್‌ವಾಸ್ ಚೀಲ ಕಟ್ಟಿಕೊಂಡು ನವಲಗುಂದದಿಂದ ಬರುತ್ತಿದ್ದ ಬಡಕಲು ಓವರ್‌ಸಿಯರ್. ಕುಂದಗೋಳದವನು, ಡಿಪ್ಲೊಮಾ ಮುಗಿಸಿ ಎರಡು ವರ್ಷವಾಗಿತ್ತಷ್ಟೆ. ನೀವು ಊರ ಹೆಂಗಸರೆಲ್ಲ ನನಗೆ ‘ಯಾಕ ಸಾಹೇಬ’ ಎಂದು ಹೆಸರಿಟ್ಟಿದ್ದಿರಿ. ಕಂಡದ್ದಕ್ಕೆಲ್ಲ ಯಾಕೆ, ಯಾಕೆ ಎಂದು ಕೇಳುತ್ತಿದ್ದೆನಲ್ಲ, ಅದಕ್ಕೆ. ಕೊಡದ ಬಾಯಿಗೆ ಅರಿವೆ ಯಾಕೆ ಎರಡು ಮಡಿಕೆ? ಏರಿಯ ಕೆಳಗೇ ಚಪ್ಪಲಿ ಯಾಕೆ ಬಿಡುತ್ತೀರಿ? ಸಿಂಬಿಯನ್ನು ಎಡಕ್ಕೆ ಯಾಕೆ ಸುತ್ತುತ್ತೀರಿ? ನೀವು ನಗುತ್ತಿದ್ದಿರಿ, ಆದರೆ ಉತ್ತರವನ್ನೂ ಕೊಡುತ್ತಿದ್ದಿರಿ. ಒಂದೇ ಒಂದು ‘ಯಾಕೆ’ಯನ್ನು ಮಾತ್ರ ನಾನು ಕೇಳಲಿಲ್ಲ. ಅದು ಮುಂದೆ ಬರುತ್ತದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಿಮ್ಮೂರ ಬಾವಿಗಳ ನೀರೆಲ್ಲ ಸವಳು, ಹಾಕಿದ ಬೇಳೆ ಬೇಯುತ್ತಿರಲಿಲ್ಲ. ಕುಡಿಯಲು ಕೆರೆಯೊಂದೇ. ಕೆರೆಗೆ ಇಳಿಯುವ ಹಳೆಯ ದಾರಿಯೆಂದರೆ ಒಬ್ಬರು ಮಾತ್ರ ಹೋಗಬಹುದಾದ ಒಂದು ಸಂದು, ಕುಳಿಬಿದ್ದ ಕಲ್ಲುಗಳು. ಅದನ್ನು ಕಿತ್ತು, ಅಗಲವಾದ ಪಾವಟಿಗೆ ಕಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು. ನಿಜ ಹೇಳುತ್ತೇನೆ, ನನಗದು ಹಬ್ಬದೂಟ ಸಿಕ್ಕಂತಾಯಿತು.

ಒಂದು ಪಾವಟಿಗೆ ಎಷ್ಟು ಎತ್ತರ ಇರಬೇಕು? ಕೇಳಲು ಸಣ್ಣ ಪ್ರಶ್ನೆ. ತಗ್ಗು ಮಾಡಿದರೆ ಮೊಣಕಾಲಿಗೆ ಸುಖ, ಆದರೆ ಪಾವಟಿಗೆಗಳ ಸಂಖ್ಯೆ ಹೆಚ್ಚಿ, ಅವು ಕೆರೆಯೊಳಗೆ ಚಾಚಿಕೊಂಡು ನೀರಿನ ಜಾಗ ತಿನ್ನುತ್ತವೆ. ಎತ್ತರ ಮಾಡಿದರೆ ಬೇಗ ಮೇಲೆ ಬರಬಹುದು, ಆದರೆ ತಲೆಯ ಮೇಲೊಂದು, ಟೊಂಕದ ಮೇಲೊಂದು ಕೊಡ ಹೊತ್ತವರಿಗೆ ಉಸಿರು ಕಟ್ಟುತ್ತದೆ. ಒಂದನ್ನು ಹಿಡಿದರೆ ಇನ್ನೊಂದು ಕೈಬಿಡುತ್ತದೆ. ನಾನು ಓದಿದ ಪುಸ್ತಕದಲ್ಲಿ ಒಂದು ಅಳತೆ ಇತ್ತು. ಆ ಪುಸ್ತಕ ಬರೆದವನು ಎಂದಾದರೂ ಕೊಡ ಹೊತ್ತಿದ್ದನೇ ಎಂದು ನನಗೆ ಅನುಮಾನ. ಅದಕ್ಕೇ ಏರಿಯ ಪಕ್ಕದಲ್ಲಿ ಇಟ್ಟಿಗೆ ಪೇರಿಸಿ ಐದಿಂಚು, ಆರಿಂಚು, ಏಳಿಂಚಿನ ಮೂರು ಬಗೆಯ ಪಾವಟಿಗೆ ಮಾಡಿಸಿ, ತುಂಬಿದ ಕೊಡ ಹೊರಿಸಿ ನಿಮ್ಮನ್ನೆಲ್ಲ ಹತ್ತಿಸಿ ಇಳಿಸಿದೆ. ಎಲ್ಲರಿಗಿಂತ ಮುಂದೆ ಬಂದವರು ನೀವು.

“ಏನ್ರಿ ಸಾಹೇಬ್ರ, ಎತ್ತು ಅಡ್ಡಾಡಿಸಿ ನೋಡಿದಂಗ ನಮ್ಮನ್ನ ಹತ್ತಸಾಕ ಇಳಸಾಕ ಹತ್ತೀರಲ್ಲ, ಸಂತ್ಯಾಗ ಮಾರವರೇನು?” ಅಂದಿರಿ.

ಏರಿಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ನಗುತ್ತಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಯಾರು ಎಲ್ಲಿ ನಿಂತು ಉಸಿರು ತೆಗೆದುಕೊಂಡರು, ಯಾರ ಕೊಡ ಎಲ್ಲಿ ತುಳುಕಿತು, ಎಲ್ಲ. ಆರಿಂಚು ಸರಿ ಎಂದು ನಿಮ್ಮ ಕಾಲುಗಳು ಹೇಳಿದವು. ಆರಿಂಚೇ ಆಯಿತು. ಆ ಲೆಕ್ಕದಲ್ಲಿ ನಾನು ತಪ್ಪಲಿಲ್ಲ. ಬಹುಶಃ ಅದೇ ನನ್ನ ತಲೆಗೇರಿತು — ಜನರನ್ನು ನೋಡುತ್ತ ಕೂತರೆ ಉತ್ತರ ತಾನಾಗಿ ಬರುತ್ತದೆ, ನಾನು ಬರೆದುಕೊಂಡರೆ ಸಾಕು ಎಂಬ ಭ್ರಮೆ.

ಇನ್ನು ಉಳಿದದ್ದು ಕಲ್ಲಿನ ಮೈ.

ಹುಸೇನಸಾಬರ ಬಗ್ಗೆ ನಾನು ನಿಮಗೆ ಹೇಳಬೇಕೇ? ಅವರು ನಿಮ್ಮೂರಿನವರೇ. ಊರಲ್ಲಿ ಯಾರೇ ಮನೆ ಕಟ್ಟಿದರೂ ಹೊಸ್ತಿಲ ಕಲ್ಲು ಕೂಡಿಸಲು ಅವರ ಕೈಯೇ ಆಗಬೇಕಿತ್ತು. ಅವರ ಕೈಗುಣ ಚಲೋ, ಅವರು ಕೂಡಿಸಿದ ಹೊಸ್ತಿಲು ಅಲುಗುವುದಿಲ್ಲ ಎಂದು ನೀವೇ ನನಗೆ ಹೇಳಿದ್ದಿರಿ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಆದರೂ ನಾನು “ಏ ಹುಸೇನಸಾಬ, ಬಾ ಇಲ್ಲಿ” ಎಂದೇ ಕರೆಯುತ್ತಿದ್ದೆ. ಸರಕಾರಿ ನೌಕರಿಯ ಸೊಕ್ಕು, ಇನ್ನೇನು.

ಪಾವಟಿಗೆಗೆಂದು ಲಾರಿಯಲ್ಲಿ ಬಂದದ್ದು ನೆಲಕ್ಕೆ ಹಾಸುವ ಚಪ್ಪಟೆ ಫರಸಿ ಕಲ್ಲು. ಬರುವಾಗಲೇ ಅದರ ಮೈ ನುಣುಪು. ಅದನ್ನು ಹಾಗೆಯೇ ಹಾಸಬೇಕೋ, ಇಲ್ಲ ಉಳಿಯಿಂದ ಟಾಕಿ ಹೊಡೆದು, ಚುಕ್ಕಿ ಚುಕ್ಕಿಯಾಗಿ ಒರಟು ಮಾಡಿ ಹಾಸಬೇಕೋ? ನಕ್ಷೆಯಲ್ಲಿ ಅದರ ಮಾತೇ ಇರಲಿಲ್ಲ. ಅದು ಸ್ಥಳದಲ್ಲಿದ್ದ ನನಗೆ ಬಿಟ್ಟದ್ದು. ನಾನು ನಿಮ್ಮನ್ನು ಕೇಳಿದೆ. ಬೇರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು, ನೀವು ಮಾತ್ರ ಥಟ್ಟನೆ ಹೇಳಿದಿರಿ.

“ನುಣ್ಣಗ ಇರ್ಲಿ ಬಿಡ್ರಿ. ಕುಡಿಯೂ ನೀರಿನ ಜಾಗಾ ಐತಿ. ಹಳೇ ಕಲ್ಲಿನ ಕುಣಿಯಾಗಿನ ಪಾಚಿ ತಿಕ್ಕಿ ತಿಕ್ಕಿ ನಮ್ಮ ಉಗುರ ಹೋಗ್ಯಾವ.”

ಅದೇ ದಿನ ಮಧ್ಯಾಹ್ನ ಹುಸೇನಸಾಬರನ್ನು ಕೇಳಿದೆ.

“ಕಲ್ಲಿಗೆ ಹಲ್ಲ ಇರಬೇಕ್ರಿ ಸಾಹೇಬ್ರ,” ಅಂದರು. “ಮಳಿ ಬಿದ್ದ ಮ್ಯಾಲೆ ನಮ್ಮ ಎರಿ ಮಣ್ಣು ಕಾಲಿಗೆ ಹೆಂಗ ಅಂಟ್ಕೊಂತೈತಿ ಗೊತ್ತೈತಲ್ರಿ? ಬರೇ ಕಾಲಾಗ ಬರ್ತಾರ. ನುಣ್ಣನ ಕಲ್ಲಿನ ಮ್ಯಾಲೆ ಆ ಕಾಲು ನಿಲ್ಲೂದಿಲ್ರಿ.”

ನೋಡಿ, ಇಬ್ಬರದೂ ಸರಿ. ನೀರು ಸ್ವಚ್ಛವಿರಬೇಕು ಎನ್ನುವುದೂ ಸರಿ, ಕಾಲು ನಿಲ್ಲಬೇಕು ಎನ್ನುವುದೂ ಸರಿ. ಇಂಥ ಇಕ್ಕಟ್ಟು ಬಂದಾಗ ಎರಡನ್ನೂ ಕೂಡಿಸುವ ಹಾದಿ ಹುಡುಕುವುದೇ ನಮ್ಮ ಕಸುಬು, ಅದಕ್ಕೇ ನಮಗೆ ಸಂಬಳ. ಮತ್ತೆ ಆ ಹಾದಿ ಇರಲಿಲ್ಲ ಎಂದಲ್ಲ. ಇತ್ತು! ಹುಸೇನಸಾಬರೇ ಎರಡು ದಿನ ಬಿಟ್ಟು ಒಂದು ಕಲ್ಲು ತಂದು ನನ್ನ ಮುಂದೆ ಇಟ್ಟರು. ಮೈ ನುಣುಪೇ, ಆದರೆ ಬೆರಳಗಲಕ್ಕೊಂದರಂತೆ ಸಣ್ಣ ಗೀರುಗಳು, ನೇರವಲ್ಲ, ಒಂದು ಪಕ್ಕಕ್ಕೆ ಓರೆಯಾಗಿ. ನಾನು ಮೇಲೆ ನೀರು ಸುರಿದೆ. ನೀರು ಗೀರು ಹಿಡಿದು ಪಕ್ಕಕ್ಕೆ ಹರಿದುಹೋಯಿತು, ಜತೆಗೆ ಮಣ್ಣನ್ನೂ ಎಳೆದೊಯ್ಯಿತು. ನಾನು ಚಪ್ಪಲಿ ಬಿಟ್ಟು, ಕೆಸರು ಮೆತ್ತಿಕೊಂಡು ಹತ್ತಿ ನಿಂತೆ. ಹೆಬ್ಬೆರಳಿಗೆ ಹಿಡಿತ ಸಿಕ್ಕಿತು. ಕಸಬರಿಗೆಯಿಂದ ಗೀರಿನ ಗುಂಟ ಒಂದು ಸಲ ಎಳೆದರೆ ಎಲ್ಲ ಸ್ವಚ್ಛ.

“ಭೇಷ್!” ಅಂದೆ. ಮನಸಾರೆ ಅಂದೆ. ಅವರು ನಾಚಿ ಗಡ್ಡ ಕೆರೆದುಕೊಂಡರು.

ಹಾಗಾದರೆ ಅದನ್ನೇ ಯಾಕೆ ಮಾಡಿಸಲಿಲ್ಲ? ನೀವು ಕೇಳುತ್ತೀರಿ. ನಾನೂ ನನ್ನನ್ನು ಕೇಳಿಕೊಂಡಿದ್ದೇನೆ, ಬಹಳ ಸಲ. ಹುಸೇನಸಾಬರಿಗೆ ನಾನು ಹೇಳಿದ್ದು, “ಇದಕ್ಕ ಕಚೇರಿಯಿಂದ ಒಪ್ಪಿಗಿ ಬರಬೇಕು, ಸದ್ಯಕ್ಕ ಬ್ಯಾಡ.” ಅದು ಸುಳ್ಳು. ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ನಿಜವೇನೆಂದರೆ — ಹೇಗೆ ಹೇಳಲಿ — ಆ ಗೀರು ಕಲ್ಲು ಹಾಸಿದರೆ ನನ್ನ ಪ್ರಶ್ನೆ ಅಲ್ಲಿಗೇ ಸತ್ತುಹೋಗುತ್ತಿತ್ತು. ನುಣುಪು ಗೆಲ್ಲುತ್ತದೋ ಒರಟು ಗೆಲ್ಲುತ್ತದೋ? ಒಂದರ ಪಕ್ಕ ಒಂದಿಟ್ಟು, ಒಂದು ಮಳೆಗಾಲ ಪೂರ್ತಿ ನೋಡಿದರೆ ಹೇಗೆ? ಆ ಕುತೂಹಲ ನನ್ನನ್ನು ತುರಿಕೆಯ ಹಾಗೆ ಹಿಡಿದುಬಿಟ್ಟಿತ್ತು. ಪಾವಟಿಗೆ ಅಗಲವಾಗಿತ್ತಲ್ಲ, ಎಡವೂ ಬಲವೂ ಇತ್ತಲ್ಲ. ಬೇವಿನ ಮರದ ಬದಿಗೆ ಟಾಕಿ ಹೊಡೆಸಿದೆ. ಹಣಮಪ್ಪನ ಗುಡಿಯ ಬದಿಗೆ ಫರಸಿ ಬಂದ ಹಾಗೆಯೇ ಹಾಸಿಸಿದೆ. ನೀವು ಕೇಳಿದ್ದೂ ಆಯಿತು, ಗೌಂಡಿ ಕೇಳಿದ್ದೂ ಆಯಿತು, ಇಬ್ಬರೂ ಖುಷಿ ಎಂದು ನನಗೆ ನಾನೇ ಹೇಳಿಕೊಂಡೆ. ಕೂಡಿಸಬೇಕಾದದ್ದನ್ನು ಪಾಲು ಮಾಡಿ ಹಂಚಿದೆ.

“ಈ ಬಾಜು ಯಾಕ ಹಂಗ ಬಿಡೂದ್ರಿ?” ಎಂದು ಹುಸೇನಸಾಬ ಕೇಳಿದರು.

“ಹೇಳಿದಷ್ಟು ಮಾಡು,” ಅಂದೆ. ದಿನಕ್ಕೆ ನೂರು ಸಲ ಯಾಕೆ ಎಂದು ಕೇಳುತ್ತಿದ್ದ ನನಗೆ ಬೇರೆಯವರು ಒಂದು ಸಲ ಕೇಳಿದ್ದು ಸೇರಲಿಲ್ಲ.

ನಾನು ಲೆಕ್ಕ ಹಾಕಿದ್ದು ಹೀಗೆ: ಜನ ತಮಗೆ ಬೇಕಾದ ಬದಿಯಲ್ಲಿ ಹತ್ತುತ್ತಾರೆ, ಬೇಕಾದ ಬದಿಯಲ್ಲಿ ಇಳಿಯುತ್ತಾರೆ, ಸ್ವಲ್ಪ ದಿನದಲ್ಲಿ ಯಾವುದು ಚಲೋ ಎಂದು ಅವರ ಕಾಲೇ ಆರಿಸಿಕೊಳ್ಳುತ್ತದೆ. ಇಟ್ಟಿಗೆಯ ಪಾವಟಿಗೆಯಲ್ಲಿ ಹಾಗೇ ಆಗಿತ್ತಲ್ಲ. ಈಗ ನಾನು ಕೇಳದೇ ಬಿಟ್ಟ ಆ ಒಂದು ‘ಯಾಕೆ’ಗೆ ಬರುತ್ತೇನೆ. ಹಳೆಯ ಸಂದಿನಲ್ಲಿ, ತುಂಬಿದ ಕೊಡದವರು ಮೇಲೆ ಬರುವ ತನಕ ಖಾಲಿ ಕೊಡದವರು ಏರಿಯ ಮೇಲೆ ನಿಂತು ಕಾಯುತ್ತಿದ್ದಿರಿ. ನಾನದನ್ನು ಎಷ್ಟೋ ದಿನ ನೋಡಿದ್ದೆ. ದಾರಿ ಇಕ್ಕಟ್ಟು, ಅದಕ್ಕೆ ಕಾಯುತ್ತಾರೆ ಎಂದುಕೊಂಡೆ. ಗೊತ್ತಿದೆ ಎಂದುಕೊಂಡದ್ದನ್ನು ಯಾರು ಕೇಳುತ್ತಾರೆ?

ಹೊಸ ಪಾವಟಿಗೆ ಬಳಕೆಗೆ ಬಂದ ಎರಡನೆಯ ದಿನವೇ ನನಗೆ ಗೊತ್ತಾಯಿತು. ಖಾಲಿ ಕೊಡ ತುಂಬಿದ ಕೊಡಕ್ಕೆ ಎದುರಾಗಬಾರದು, ಎದುರಾದರೆ ಅಪಶಕುನ — ಅದು ನಿಮ್ಮ ರೀತಿ. ಈಗ ಜಾಗ ಅಗಲವಾಗಿದೆ, ಕಾಯುವ ಕೆಲಸವಿಲ್ಲ. ಹಾಗಾಗಿ ಯಾರೂ ಯಾರಿಗೂ ಹೇಳದೆಯೇ ಒಂದು ಏರ್ಪಾಡಾಯಿತು: ಖಾಲಿ ಕೊಡ ಬೇವಿನ ಬದಿಯಿಂದ ಇಳಿಯುವುದು, ತುಂಬಿದ ಕೊಡ ದೇವರ ಗುಡಿಯ ಬದಿಯಿಂದ ಹತ್ತುವುದು. ಅಂದರೆ ಹಗುರವಾಗಿ ಇಳಿಯುವವರಿಗೆ ಹಲ್ಲಿದ್ದ ಕಲ್ಲು. ಎರಡೆರಡು ಕೊಡ ಹೊತ್ತು, ಒದ್ದೆಗಾಲಲ್ಲಿ, ಮೇಲಿಂದ ನೀರು ಚೆಲ್ಲಿಕೊಳ್ಳುತ್ತ ಹತ್ತುವವರಿಗೆ ನುಣುಪು.

ಅಂದೇ ನಾನು ಏನು ಮಾಡಬೇಕಿತ್ತು? ಗೌಂಡಿಯನ್ನು ಕರೆದು ಗುಡಿ ಬದಿಗೂ ಟಾಕಿ ಹೊಡೆಯಲು ಹೇಳಬೇಕಿತ್ತು. ಮೂರು ದಿನದ ಕೆಲಸ. ನಾನು ಮಾಡಿದ್ದೇನು? ಬೇವಿನ ಮರದ ಬುಡದಲ್ಲಿ ಕೂತು, “ಆಹಾ, ಎಂಥ ಚೆಂದದ ರೀತಿ!” ಎಂದು ಹೊಸ ಹಾಳೆ ತೆಗೆದು ಬರೆದುಕೊಂಡೆ. ನನಗೆ ದಿಗಿಲಾಗಲಿಲ್ಲ, ನೀಲಕ್ಕ. ಖುಷಿಯಾಯಿತು. ಅದನ್ನು ನೆನೆದರೆ ಇಂದಿಗೂ ನನ್ನ ಬಗ್ಗೆ ನನಗೇ ಹೇಸಿಕೆ.

ಮಳೆ ಹಿಡಿಯಿತು. ಎರೆ ಮಣ್ಣು ಅಂಟತೊಡಗಿತು. ಯಾರಾದರೂ ಜಾರಿದರೆ ನಾನು ನೋಟ್‌ಬುಕ್ಕಿನಲ್ಲಿ ಒಂದು ಗೀಟು ಎಳೆಯುತ್ತಿದ್ದೆ. ಗುಡಿ ಬದಿಗೆ ಒಂದು ಸಾಲು, ಬೇವಿನ ಬದಿಗೆ ಒಂದು ಸಾಲು. ಬೇವಿನ ಬದಿಯ ಸಾಲು ಖಾಲಿಯೇ ಉಳಿಯಿತು. ಗುಡಿ ಬದಿಯಲ್ಲಿ ಗೀಟುಗಳು ಬೆಳೆದವು. ಜಾರಿದವರು ಕೊಡವನ್ನು ಹೇಗೋ ಸಾವರಿಸಿಕೊಂಡು ನಗುತ್ತಿದ್ದರು. “ಅಯ್ಯ ಶಿವನ, ಸಾಹೇಬ್ರ ಮುಂದ ನಮ್ಮನ್ನ ಕುಣಸಾಕ ಹತ್ತೈತಿ ನೋಡ ಬೇ ಈ ಕಲ್ಲು!” ಎಂದು ಒಬ್ಬರಿಗೊಬ್ಬರು ತಮಾಷೆ ಮಾಡುತ್ತಿದ್ದರು. ಆ ನಗೆ ಕೇಳಿ ನಾನೂ ಧೈರ್ಯ ತಂದುಕೊಂಡೆ. ಶ್ರಾವಣ ಮುಗಿಯಲಿ, ಅಷ್ಟರಲ್ಲಿ ಒಂದು ಖಚಿತ ಉತ್ತರ ಸಿಗುತ್ತದೆ, ಆಮೇಲೆ ಸರಿಮಾಡಿಸಿದರಾಯಿತು — ಎಂದು.

ಆ ಮುಂಜಾನೆ ನಿಮಗೆ ನೆನಪಿರುತ್ತದೆ. ನನಗೆ ನೆನಪಿರುವುದನ್ನು ಮಾತ್ರ ಹೇಳುತ್ತೇನೆ. ಜಿಟಿಜಿಟಿ ಮಳೆ ಆಗಷ್ಟೇ ನಿಂತಿತ್ತು. ನೀವು ತಲೆಯ ಮೇಲೆ ತಾಮ್ರದ ಕೊಡ, ಟೊಂಕದಲ್ಲಿ ಇನ್ನೊಂದು ಹೊತ್ತು ಗುಡಿ ಬದಿಯಿಂದ ಮೇಲೆ ಬರುತ್ತಿದ್ದಿರಿ. ಏರಿಗೆ ಇನ್ನು ನಾಲ್ಕೈದು ಪಾವಟಿಗೆ ಇದ್ದವು. ಎಡಗಾಲು ಜಾರಿತು. ನೀವು ಬೀಳುವಾಗ ಬಲಗೈ ಊರಿದಿರಿ, ಅದರ ಮೇಲೆ ತುಂಬಿದ ಕೊಡ ಬಂತು. ಸದ್ದು ನನಗೆ ಬೇವಿನ ಮರದ ತನಕ ಕೇಳಿಸಿತು, ಕೊಡದ್ದಲ್ಲ.

ಇದನ್ನು ನಾನು ನನ್ನ ಹೆಂಡತಿಗೂ ಹೇಳಿಲ್ಲ. ನಾನು ಎದ್ದು ಓಡಿ ಬಂದೆ — ಹೌದು, ಎಲ್ಲರಿಗಿಂತ ಮೊದಲು ಬಂದವನು ನಾನೇ, ನೀವು ಅದಕ್ಕೆ ಆಮೇಲೆ ಉಪಕಾರವನ್ನೂ ನೆನೆದಿರಿ. ಆದರೆ ಏಳುವುದಕ್ಕೆ ಮೊದಲು ನನ್ನ ಕೈ ಒಂದು ಗೀಟು ಎಳೆದಿತ್ತು. ನೀವು ಕೆಳಗೆ ಬಿದ್ದಿದ್ದೀರಿ, ಕೂಗುತ್ತಿದ್ದೀರಿ, ಇತ್ತ ನನ್ನ ಪೆನ್ಸಿಲ್ಲು ಗುಡಿ ಬದಿಯ ಸಾಲಿನಲ್ಲಿ — ಅಷ್ಟಾದ ಮೇಲೆಯೇ ನಾನು ಎದ್ದದ್ದು.

ನಿಮ್ಮನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿ ನವಲಗುಂದಕ್ಕೆ ಒಯ್ದರು. ಮುಂದೆ ಮೂಳೆ ಕೂಡಿತು, ಮೊಣಕೈ ಮಾತ್ರ ಮಡಚಲಿಲ್ಲ. ರೊಟ್ಟಿ ಬಡಿಯುವ ಕೈ ಅದು. ನಾನು ಮಧ್ಯಾಹ್ನ ನನ್ನ ಖೋಲಿಗೆ ಹೋಗಿ ನೋಟ್‌ಬುಕ್ಕಿನ ಆ ಹಾಳೆಗಳನ್ನೆಲ್ಲ ಹರಿದು ಒಲೆಗೆ ಹಾಕಿದೆ.

ಮರುದಿನ ಮುಂಜಾನೆ ಗುಡಿಯ ಕಟ್ಟೆಯ ಮುಂದೆ ಊರು ಕೂಡಿತ್ತು. ಪಂಚರಲ್ಲಿ ಹಿರಿಯರಾದ ಸಂಗಪ್ಪ ಕಾಕಾ ನಡುವೆ ಕೂತಿದ್ದರು. ಹುಸೇನಸಾಬ ಒಂದು ಪಕ್ಕಕ್ಕೆ ನಿಂತಿದ್ದರು. ನಾನು ಸೈಕಲ್ ಇಳಿದದ್ದೇ ತಡ, ಕಾಕಾ ನನ್ನನ್ನು ಕೇಳಿದರು.

“ಅಲ್ರೀ ಸಾಹೇಬ್ರ, ಆ ಬಾಜು ಟಾಕಿ ಹೊಡದಾನ, ಈ ಬಾಜು ಹಂಗ ಬಿಟ್ಟಾನ. ಇದ್ಯಾವ ನಮೂನಿ ಕೆಲಸ್ರಿ?”

ಪ್ರಶ್ನೆ ನನಗೆ ಕೇಳಿದ್ದು. ಉತ್ತರ ನನ್ನ ಬಾಯಲ್ಲೇ ಇತ್ತು. ನಾನು ಹೇಳಿದ್ದು ಎರಡೇ ಮಾತು.

“ಗೌಂಡಿಗೆ ಕೇಳ್ರಿ.”

ಸುಳ್ಳು ಹೇಳಿದೆನೇ? ಇಲ್ಲ. ಸುಳ್ಳಿಗಾದರೂ ಸ್ವಲ್ಪ ಎದೆಗಾರಿಕೆ ಬೇಕು. ಕೂಡಿದವರೆಲ್ಲ ಹುಸೇನಸಾಬರ ಕಡೆ ತಿರುಗಿದರು. ಅವರು ನನ್ನನ್ನು ನೋಡಿದರು — ಸಿಟ್ಟಿಲ್ಲ, ಬೇಡಿಕೆ ಇಲ್ಲ, ಕಾಯುವವರ ಹಾಗೆ ನೋಡಿದರು. ನಾನು ಸೈಕಲ್ಲಿನ ಹ್ಯಾಂಡಲ್ ನೋಡುತ್ತಿದ್ದೆ. ಕೊನೆಗೆ ಅವರು ಕಟ್ಟೆಯ ಕಡೆ ತಿರುಗಿ, “ಕೈ ನಂದ ಐತ್ರಿ ಕಾಕಾ,” ಎಂದರು. ಅಷ್ಟೇ. ಅರ್ಧ ಕೆಲಸ ಮಾಡಿ ಅರ್ಧ ಬಿಟ್ಟ ಮೈಗಳ್ಳ ಎಂದು ಊರು ಅಲ್ಲೇ ತೀರ್ಮಾನಿಸಿತು. ನೋಡಿದವರಿಗೆ ಅದು ಹಾಗೇ ಕಾಣುತ್ತಿತ್ತು ಕೂಡ. ಯಾವ ತಲೆ ನೆಟ್ಟಗಿದ್ದವನು ಬೇಕೆಂದೇ ಹಾಗೆ ಮಾಡಿಸುತ್ತಾನೆ?

ಅಂದು ಮಧ್ಯಾಹ್ನ ಹುಸೇನಸಾಬ ಉಳಿ, ಸುತ್ತಿಗೆ ಹಿಡಿದು ತಾವಾಗಿಯೇ ಕೆರೆಗೆ ಬಂದರು, ಗುಡಿ ಬದಿಗೆ ಟಾಕಿ ಹೊಡೆಯಲು. ಏರಿಯ ಮೇಲೆ ನಾಲ್ಕು ಜನ ಅಡ್ಡ ನಿಂತರು.

“ಬ್ಯಾಡಪಾ. ಇನ್ನ ನಿನ್ನ ಕೈ ಈ ಕೆರಿಗೆ ಹತ್ತೂದು ಬ್ಯಾಡ.”

ನಾನು ಅಲ್ಲೇ ಇದ್ದೆ. ಅವರು ತಿರುಗಿ ಹೋದದ್ದನ್ನು ಬೆನ್ನಿನ ಕಡೆಯಿಂದ ನೋಡಿದೆ. ಬೇರೆ ಊರಿನ ಗೌಂಡಿಯನ್ನು ಕರೆಸಿ ಆ ಬದಿಗೆ ಟಾಕಿ ಹೊಡೆಸಿದರು. ಆಮೇಲೆ ನಿಮ್ಮೂರಲ್ಲಿ ಯಾರೂ ಹುಸೇನಸಾಬರಿಂದ ಹೊಸ್ತಿಲು ಕೂಡಿಸಲಿಲ್ಲ. ಅವರ ಕೈ ಕೆಟ್ಟಿದೆ ಎಂಬ ಮಾತು ಸುತ್ತಲಿನ ಊರುಗಳಿಗೂ, ಮೊರಬದ ತನಕವೂ ಹಬ್ಬಿತು. ವರ್ಷ ತುಂಬುವುದರೊಳಗೆ ಅವರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಣ್ಣಿಗೇರಿಗೆ ಹೋದರು, ರಸ್ತೆಗೆ ಖಡಿ ಒಡೆಯುವ ಕೆಲಸಕ್ಕೆ. ಕಲ್ಲಿಗೆ ರೂಪ ಕೊಡುತ್ತಿದ್ದವರು ಕಲ್ಲು ಪುಡಿ ಮಾಡುತ್ತ ಕೂತರು.

ನೌಕರಿ ಹೋದೀತೆಂಬ ಭಯ ಇತ್ತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ನಿಜವಲ್ಲ. ತಪ್ಪು ಅಂದಾಜಾಯಿತು ಎಂದಿದ್ದರೆ ಬೈದು ಬಿಡುತ್ತಿದ್ದರು. ನನಗೆ ಭಯವಿದ್ದದ್ದು ‘ಯಾಕೆ’ ಎಂದು ಯಾರಾದರೂ ಕೇಳುತ್ತಾರೆ ಎಂದು. ಯಾಕೆ ಹಾಗೆ ಮಾಡಿಸಿದೆ? ನೋಡಲಿಕ್ಕೆ. ಏನನ್ನು ನೋಡಲಿಕ್ಕೆ? ನೀವು ಜಾರುವುದನ್ನು. ಇದನ್ನು ಯಾವ ಬಾಯಿಂದ ಹೇಳಲಿ?

ಇನ್ನೂ ಒಂದು ಇದೆ. ನನಗೆ ವರ್ಗವಾಯಿತು. ಮುಂದೆ ಎಷ್ಟೋ ಊರಲ್ಲಿ ಪಾವಟಿಗೆ ಕಟ್ಟಿಸಿದೆ. ಕಲಘಟಗಿ ಕಡೆ, ಕುಂದಗೋಳದ ಕಡೆ, ಕುಬಿಹಾಳದ ಹತ್ತಿರವೂ ಒಂದು. ಎಲ್ಲ ಕಡೆಯೂ ಓರೆ ಗೀರು. ಹುಸೇನಸಾಬರ ಗೀರು. ಎಲ್ಲೂ ಯಾರೂ ಬೀಳಲಿಲ್ಲ. ಮೇಲಿನವರು ಬಂದು ನೋಡಿ, ಇದೆಲ್ಲಿ ಕಲಿತಿರಿ ಎಂದು ಕೇಳಿದರೆ, “ಅನುಭವ್ರಿ” ಅನ್ನುತ್ತಿದ್ದೆ. ಅವರ ಹೆಸರು ಕೆಡಿಸಿದ ಮೇಲೆ ಅವರ ವಿದ್ಯೆಯನ್ನೂ ಜೇಬಿಗೆ ಹಾಕಿಕೊಂಡೆ.

ಹೋದ ತಿಂಗಳು ಅಣ್ಣಿಗೇರಿಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಬಾಜು ಕೂತವರು ನಿಮ್ಮ ಓಣಿಯವರು. ಮಾತಿಗೆ ಮಾತು ಬಂತು. ನೀವು ಇಂದಿಗೂ ಎಡಗೈಯಲ್ಲೇ ಕೊಡ ಎತ್ತುತ್ತೀರಂತೆ. ಎತ್ತುವಾಗಲೆಲ್ಲ ಆ ಗೌಂಡಿಗೆ ಒಂದು ಮಾತು ಅನ್ನುತ್ತೀರಂತೆ. ಹುಸೇನಸಾಬ ಅಣ್ಣಿಗೇರಿಯಲ್ಲೇ ಮಗಳ ಮನೆಯಲ್ಲಿದ್ದಾರೆ ಎಂದೂ ಅವರೇ ಹೇಳಿದರು. ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಎದ್ದು, ಕೇಳುತ್ತ ಕೇಳುತ್ತ ಅವರ ಮನೆಗೆ ಹೋದೆ.

ಅವರು ಬಾಗಿಲ ಮುಂದೆ ಹೊರಸಿನ ಮೇಲೆ ಕೂತಿದ್ದರು. ಕಣ್ಣು ಮಂಜಾಗಿದೆ. ದನಿಯಿಂದಲೇ ಗುರುತು ಹಿಡಿದರು. “ಯಾಕ ಸಾಹೇಬ್ರು! ಬರ್ರಿ, ಬರ್ರಿ,” ಎಂದು ಜಾಗ ಬಿಟ್ಟುಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ. ಕಚೇರಿಯ ಸುಳ್ಳು, ನೋಟ್‌ಬುಕ್ಕು, ಗೀಟು. ಅವರಿಗೆ ಅಚ್ಚರಿಯಾಗಲಿಲ್ಲ. ಬೇವಿನ ಬುಡದಲ್ಲಿ ನಾನು ಬರೆಯುತ್ತ ಕೂಡುವುದನ್ನು ನೋಡಿ ಆಗಲೇ ತಿಳಿದಿದ್ದರಂತೆ.

“ಹಂಗಾರ ಅವತ್ತ ಯಾಕ ಹೇಳಲಿಲ್ರಿ?” ಎಂದು ಕೇಳಿದೆ. ಮೊದಲ ಸಲ ಅವರಿಗೆ ಬಹುವಚನ ಹಚ್ಚಿ ಮಾತಾಡಿದ್ದೆ.

“ಹೇಳೂದು ನಿಮ್ಮದಿತ್ರಿ,” ಅಂದರು.

ಗೀರಿನ ಮಾತು ಹೇಳಿದಾಗ ಮಾತ್ರ ಅವರ ಮುಖ ಅರಳಿತು. ಎಷ್ಟು ಆಳ ಹಾಕಿಸಿದಿರಿ, ನೀರು ನಿಲ್ಲುವುದಿಲ್ಲ ತಾನೇ, ಅಂಚು ಸಿಡಿಯಲಿಲ್ಲವೇ ಎಂದು ಒಂದರ ಮೇಲೊಂದು ಕೇಳಿದರು. ನಾನು ಹೇಳುತ್ತ ಹೋದೆ, ಅವರು ಬೆರಳಿಂದ ಹೊರಸಿನ ಪಟ್ಟಿಯ ಮೇಲೆ ಓರೆಯಾಗಿ ಎಳೆಯುತ್ತ ಹೋದರು. ನನ್ನ ಹಾಗೆಯೇ ಪ್ರಶ್ನೆಯ ಮನುಷ್ಯ. ಅಷ್ಟು ದಿನ ಜತೆಗೆ ಕೆಲಸ ಮಾಡಿಯೂ ನಾನದನ್ನು ಕಂಡಿರಲಿಲ್ಲ.

ನೀಲಕ್ಕ, ನೀವು ಅಂದು ನುಣುಪು ಕೇಳಿದಿರಿ. ನಾನು ಕೇಳಿದ್ದಕ್ಕೇ ಹೀಗಾಯಿತು ಎಂದು ಇಷ್ಟು ವರ್ಷ ಒಳಗೊಳಗೇ ಕೊರಗಿದ್ದೀರೋ ಏನೋ, ನನಗೆ ಗೊತ್ತಿಲ್ಲ. ಹಾಗಿದ್ದರೆ ಅದನ್ನೂ ಬಿಟ್ಟುಬಿಡಿ. ನೀವು ಕೇಳಿದ್ದು ಸರಿ. ಗೌಂಡಿ ಹೇಳಿದ್ದೂ ಸರಿ. ಎರಡನ್ನೂ ಕೂಡಿಸಿ ಕೊಡಬೇಕಾದವನು ನಾನು, ಕೂಡಿಸಿದ ಕಲ್ಲು ಕಣ್ಣೆದುರಿಗಿದ್ದರೂ ಬೇಡವೆಂದವನೂ ನಾನೇ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಿಮಗೆ ಓದು ಬರುವುದಿಲ್ಲ, ಬೇರೆ ಯಾರಾದರೂ ಓದಿ ಹೇಳಬೇಕಾಗುತ್ತದೆ. ನನ್ನ ತಪ್ಪು ಇನ್ನೊಬ್ಬರ ಬಾಯಲ್ಲಿ ಬರುವುದು ಬೇಡ, ಒಂದು ಸಲ ಹಾಗಾದದ್ದು ಸಾಕು. ಬರುವ ಸೋಮವಾರ ಮುಂಜಾನೆ ನಾನೇ ಬರುತ್ತೇನೆ. ನಿಮ್ಮ ಅಂಗಳದಲ್ಲಿ ನಿಂತು, ಓಣಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತೇನೆ. ಆಮೇಲೆ ಗುಡಿಯ ಕಟ್ಟೆಗೆ ಹೋಗಿ ಅಲ್ಲಿಯೂ ಓದುತ್ತೇನೆ. ನೀವು ಏನು ಅಂದರೂ ನಿಂತು ಕೇಳುತ್ತೇನೆ.

ಹುಸೇನಸಾಬರು ಕೊನೆಗೆ ಕೇಳಿದ್ದನ್ನೂ ನಿಮಗೆ ಹೇಳಿಬಿಡಬೇಕು. ನಾನು ಹೊರಡಲು ಎದ್ದಿದ್ದೆ. ಅವರು ಕೈಹಿಡಿದು ಕೂರಿಸಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ಅಲ್ರೀ ಸಾಹೇಬ್ರ, ಒಂದ ಮಾತು. ಅಷ್ಟ ದಿನ ಕುಂತು ನೋಡಿದ್ರಿ, ಬರಕೊಂಡ್ರಿ. ಕಡೀಕ ಯಾವ ಬಾಜು ಚಲೋ ಅಂತ ತಿಳೀತು?”

ನಿಜವಾಗಿಯೂ ತಿಳಿಯುವ ಆಸೆಯಿಂದಲೇ ಕೇಳಿದರು. ನಾನು ಹೇಳಲೇಬೇಕಾಯಿತು. ಏನೂ ತಿಳಿಯಲಿಲ್ಲ. ಒಂದು ಬದಿಗೆ ಬರೀ ಖಾಲಿ ಕೊಡ, ಇನ್ನೊಂದು ಬದಿಗೆ ಬರೀ ತುಂಬಿದ ಕೊಡ. ಎರಡನ್ನೂ ಹೋಲಿಸಿ ನೋಡಲು ಬರುವಂತೆಯೇ ಇರಲಿಲ್ಲ. ಎರಡನೆಯ ದಿನವೇ ಅದು ನನಗೆ ಹೊಳೆಯಬೇಕಿತ್ತು. ಬರೆದದ್ದನ್ನೂ ಸುಟ್ಟುಹಾಕಿದೆ.

ಅವರು ಹಿಡಿದಿದ್ದ ನನ್ನ ಕೈ ಬಿಟ್ಟರು. ಆಮೇಲೆ ಮೆಲ್ಲಗೆ ಅಂದರು:

“ಹಂಗಾರ ನೀಲವ್ವ ಸುಮ್ನ ಬಿದ್ದಂಗಾತಲ್ರಿ.”

ಹೌದು, ಅಂದೆ. ನೀಲಕ್ಕ, ನೀವು ಸುಮ್ಮನೆ ಬಿದ್ದಿರಿ.